ಓದಿದ್ದೆಲ್ಲ ಗೊತ್ತಿದೆ ಅನ್ನಿಸುವುದು

ನನ್ನ ಅಕ್ಕನ ಮಗಳು ಕುಮಟಾ ಕಡೆಯವಳು. ಬಿಎಯಲ್ಲಿ ಮನಶ್ಶಾಸ್ತ್ರ ತಗೊಂಡಿದ್ದಾಳೆ, ಕಾಲೇಜು ಶಿರಸಿಯಲ್ಲಿ, ಹಾಗಾಗಿ ವಾಸ ನಮ್ಮ ಮನೆಯಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಅವಳ ನೋಟ್ಸ್ ತೆಗೆದು ತಿರುವಿ ಹಾಕುವುದು ನನಗೊಂದು ಚಟ. ನಾನೂ ಒಂದು ಕಾಲದಲ್ಲಿ ಕಾರವಾರದಲ್ಲಿ ಕೂತು ಇದೇ ವಿಷಯ ಓದಿದವನು, ಹೊಟ್ಟೆಪಾಡಿಗೆ ಬೇರೇನೋ ಮಾಡುತ್ತಿದ್ದೇನೆ ಅಷ್ಟೆ. ಈ ಸಲ ತಿರುವಿದರೆ ‘ನೆನಪು ಮತ್ತು ಮರೆವು’ ಅಧ್ಯಾಯ ಪೂರ್ತಿ ಹಳದಿ. ಹೈಲೈಟರ್ ಬಳಿದು ಬಳಿದು ಬಿಳಿ ಜಾಗ ಹುಡುಕಬೇಕು. ಅಧ್ಯಾಯದ ಕೊನೆಗೆ ಅಧ್ಯಯನ ವಿಧಾನಗಳು ಅಂತ ಅರ್ಧ ಪುಟ ಇದೆ. ಬರೀ ಅಡಿಗೆರೆ ಎಳೆಯುವುದರಿಂದ, ಓದಿದ್ದನ್ನೇ ಮತ್ತೆ ಮತ್ತೆ ಓದುವುದರಿಂದ ಹೆಚ್ಚು ಉಪಯೋಗವಿಲ್ಲ ಅಂತ ಅಲ್ಲಿ ಒಂದು ಸಾಲು. ಆ ಸಾಲಿಗೂ ಹಳದಿ. ಪಕ್ಕದಲ್ಲೊಂದು ನಕ್ಷತ್ರ, ‘ಇಂಪಾರ್ಟೆಂಟ್’ ಅಂತ ಬೇರೆ ಬರೆದಿದೆ.

ನಗು ಬಂತು. ಆದರೆ ಆಮೇಲೆ ತಲೆಯಿಂದ ಹೋಗಲಿಲ್ಲ. ಸಸ್ಯಶಾಸ್ತ್ರ ಓದುವವರು ಬೇರು ಬಿಡಬೇಕಾಗಿಲ್ಲ, ಭೂಗೋಳ ಓದುವವರು ಸೂರ್ಯನ ಸುತ್ತ ಸುತ್ತಬೇಕಾಗಿಲ್ಲ (ಸುತ್ತುತ್ತಲೇ ಇದ್ದಾರೆ, ಅದು ಬೇರೆ ಮಾತು). ಮನಶ್ಶಾಸ್ತ್ರದಲ್ಲಿ ಹಾಗಲ್ಲ. ನೆನಪು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ನೆನಪಿಟ್ಟುಕೊಳ್ಳಬೇಕು, ಕಲಿಕೆ ಅಂದರೇನು ಅಂತ ಕಲಿಯಬೇಕು. ಪುಸ್ತಕ ಹೇಳುತ್ತಿರುವುದು ಆ ಪುಸ್ತಕವನ್ನು ಹಿಡಿದು ಕೂತವರ ಬಗ್ಗೆಯೇ. ಇಷ್ಟಾದರೂ ಅಧ್ಯಾಯ ಒಂದು ಕಡೆ, ಓದುವ ರೀತಿ ಇನ್ನೊಂದು ಕಡೆ. ಮಕ್ಕಳು ಸೋಮಾರಿಗಳು ಅಂತ ಹೇಳಿಬಿಡುವುದು ಸುಲಭ. ಈ ಹುಡುಗಿ ಸೋಮಾರಿ ಅಲ್ಲವೇ ಅಲ್ಲ. ಬೆಳಗ್ಗೆ ಆಯಿ ಬಚ್ಚಲೊಲೆಗೆ ಬೆಂಕಿ ಹಾಕುವ ಹೊತ್ತಿಗೆ ಇವಳು ಎದ್ದು ಓದುತ್ತಿರುತ್ತಾಳೆ. ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇಷ್ಟು: “ಓದ್ತಾ ಇದ್ರೆ ಎಲ್ಲಾ ಗೊತ್ತಿದ್ದು ಮಾವಾ, ಪುಸ್ತಕ ಮುಚ್ಚಿದ್ರೆ ಮಾತ್ರ ಎಂತಕೋ ಹೋಗ್ತು.”

ಆ ಅಧ್ಯಾಯದ ಕಥಾನಾಯಕ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್. ಅರ್ಥವೇ ಇಲ್ಲದ ಸುಮಾರು 2300 ಉಚ್ಚಾರಗಳನ್ನು ಮಾಡಿಕೊಂಡು, ಅವುಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯುವಾಗ ಶ್ರಮ ಎಷ್ಟು ಉಳಿಯಿತು ಅಂತ ವರ್ಷಗಟ್ಟಲೆ ಲೆಕ್ಕ ಇಟ್ಟ ಮನುಷ್ಯ. 1885ರಲ್ಲಿ ಅದನ್ನು ಪುಸ್ತಕ ಮಾಡಿದ. 20 ನಿಮಿಷ ಬಿಟ್ಟು ನೋಡಿದರೆ ಉಳಿತಾಯ ಶೇಕಡಾ 58, ಒಂದು ದಿನಕ್ಕೆ ಸುಮಾರು 34, ತಿಂಗಳಿಗೆ 21. ಈ ಇಳಿತವನ್ನು ತೋರಿಸುವ ಮರೆವಿನ ರೇಖೆಯನ್ನು ನಮ್ಮ ಮಕ್ಕಳು ಎಷ್ಟು ಚೆನ್ನಾಗಿ ಬಿಡಿಸುತ್ತಾರೆ ಅಂದ್ರೆ, ಸ್ಕೆಚ್ ಪೆನ್ನಿನಲ್ಲಿ, ಎರಡೂ ಅಕ್ಷಗಳಿಗೆ ಹೆಸರು ಹಾಕಿ. ಐದು ಅಂಕಕ್ಕೆ ಮೋಸ ಇಲ್ಲ. ಅದೇ ಎಬ್ಬಿಂಗ್‌ಹಾಸ್ ಅದೇ ಪುಸ್ತಕದಲ್ಲಿ ಇನ್ನೊಂದು ಮಾತು ಹೇಳಿದ್ದಾನೆ. ಹನ್ನೆರಡು ಉಚ್ಚಾರಗಳ ಪಟ್ಟಿಯನ್ನು ಹಿಂದಿನ ದಿನ ಒಂದೇ ಸಮ 68 ಸಲ ಹೇಳಿಕೊಂಡದ್ದರಿಂದ ಆದ ಲಾಭ, ಮೂರು ದಿನಕ್ಕೆ ಹಂಚಿ 38 ಸಲ ಹೇಳಿಕೊಂಡರೂ ಸಿಕ್ಕಿತಂತೆ. ಹೆಚ್ಚುಕಡಿಮೆ ಅರ್ಧ ಕೆಲಸ! ಓದುವವರಿಗೆ ಇದಕ್ಕಿಂತ ಬೇಕಾದ ಸುದ್ದಿ ಯಾವುದಿದೆ? ನಾನು ನೋಡಿದ ಗೈಡುಗಳಲ್ಲಿ ಮಾತ್ರ ಇದು ಸಿಗಲಿಲ್ಲ. ರೇಖೆ ಇದೆ, ಏಕೆಂದರೆ ರೇಖೆಯನ್ನು ಪರೀಕ್ಷೆಯಲ್ಲಿ ಬಿಡಿಸಬಹುದು.

ಎರಡು ಗೆರೆ

ಮನಶ್ಶಾಸ್ತ್ರ ಓದಿದವರಿಗೆ ವರ್ಷಗಳಾದ ಮೇಲೂ ನೆನಪಿರುವುದು ಪ್ರಾಕ್ಟಿಕಲ್. ಥಿಯರಿಯಲ್ಲಿ ಏನಿತ್ತು ಕೇಳಿ, ಫ್ರಾಯ್ಡ್ ಅಂತಾರೆ, ನಿಲ್ಲಿಸ್ತಾರೆ. ಪ್ರಾಕ್ಟಿಕಲ್ ಕೇಳಿ, ಕನ್ನಡಿ ನೋಡಿಕೊಂಡು ನಕ್ಷತ್ರ ಬಿಡಿಸಿದ್ದು, ಕೈ ಎಡಕ್ಕೆ ಅಂದರೆ ಬಲಕ್ಕೆ ಹೋದದ್ದು, ಸ್ಟಾಪ್‌ವಾಚ್ ಹಿಡಿದವಳು ನಕ್ಕಿದ್ದು, ಎಲ್ಲಾ ಹೇಳ್ತಾರೆ. ನಾವು ಇಬ್ಬಿಬ್ಬರು ಜೋಡಿ. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಸಬ್ಜೆಕ್ಟ್. ಆಮೇಲೆ ಅದಲು ಬದಲು. ಕಾರವಾರದ ಸೆಕೆ, ಫ್ಯಾನ್ ಹಾಕಿದರೆ ಜರ್ನಲ್ ಹಾಳೆ ಹಾರುತ್ತದೆ ಅಂತ ಫ್ಯಾನ್ ಬಂದ್. ಬೆವರು ಒರೆಸಿಕೊಳ್ಳುತ್ತಾ ಮ್ಯೂಲರ್-ಲಯರ್ ಬೋರ್ಡ್ ಹಿಡಿದುಕೊಂಡಿದ್ದೇವೆ.

ಓದಿದವರಿಗೆ ಗೊತ್ತಿರುವ ಬೋರ್ಡೇ. ಒಂದು ಗೆರೆಯ ತುದಿಗಳಲ್ಲಿ ಬಾಣದ ತಲೆ ಇದ್ದ ಹಾಗೆ ಒಳಕ್ಕೆ ಮಡಚಿದ ರೆಕ್ಕೆ, ಇನ್ನೊಂದಕ್ಕೆ ಹೊರಕ್ಕೆ ಬಿಚ್ಚಿದ ರೆಕ್ಕೆ. ಉದ್ದ ಒಂದೇ ಇದ್ದರೂ ಹೊರಕ್ಕೆ ಬಿಚ್ಚಿದ್ದು ಜಾಸ್ತಿ ಉದ್ದ ಕಾಣುತ್ತದೆ. ಫ್ರಾಂಜ್ ಮ್ಯೂಲರ್-ಲಯರ್ 1889ರಲ್ಲಿ ಪ್ರಕಟಿಸಿದ ಚಿತ್ರ. ಪ್ರಾಕ್ಟಿಕಲ್‌ನಲ್ಲಿ ಒಂದು ಪಟ್ಟಿಯನ್ನು ಸರಿಸುತ್ತಾ ಸರಿಸುತ್ತಾ ಎರಡೂ ಸಮ ಆಯಿತು ಅನ್ನಿಸಿದಲ್ಲಿ ನಿಲ್ಲಿಸಬೇಕು. ಹಿಂದೆ ಸ್ಕೇಲ್ ಇರುತ್ತದೆ, ಎಷ್ಟು ಮಿಲಿಮೀಟರ್ ತಪ್ಪಿತು ಅಂತ ಬರೆದುಕೊಳ್ಳಬೇಕು. ನನ್ನ ಜೊತೆಯವಳು ಅಂಕೋಲೆ ಕಡೆಯ ಹುಡುಗಿ, ಬಹಳ ಹಟದವಳು. ಈ ಚಿತ್ರದ ಬಗ್ಗೆ ಅವಳಿಗೆ ಎಲ್ಲಾ ಗೊತ್ತಿತ್ತು, ಮೋಸ ಎಲ್ಲಿದೆ ಅಂತಲೂ ಗೊತ್ತಿತ್ತು. “ನಾನು ಬೀಳೋದಿಲ್ಲ ನೋಡು” ಅಂದಳು. ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ, ಪಟ್ಟಿ ಸರಿಸಿದಳು. ಸ್ಕೇಲ್ ತಿರುಗಿಸಿ ನೋಡಿದರೆ ತಪ್ಪು ಹಾಗೇ ಇದೆ. ಮತ್ತೊಮ್ಮೆ, ಎಡದಿಂದ, ಬಲದಿಂದ, ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ. ತಪ್ಪು ಸ್ವಲ್ಪ ಕಡಿಮೆ ಆಯಿತು, ಹೋಗಲಿಲ್ಲ. ಕೊನೆಗೆ ಬೋರ್ಡ್ ಮೇಲೆ ಸಿಟ್ಟು ಬಂದು “ಇದು ಸಮ ಅಂತ ನಂಗೆ ಗೊತ್ತು, ಆದ್ರೆ ಕಾಣ್ತಾ ಇಲ್ಲ” ಅಂದಳು. ಜರ್ನಲ್‌ನ ‘ಸಬ್ಜೆಕ್ಟ್‌ನ ಹೇಳಿಕೆ’ ಅನ್ನುವ ಜಾಗದಲ್ಲಿ ನಾನು ಅದನ್ನೇ ಬರೆದೆ.

ಅಕ್ಕನ ಮಗಳ ಹಳದಿ ಪುಟ ನೋಡಿದಾಗ ನನಗೆ ಆ ಬೋರ್ಡ್ ನೆನಪಾಯಿತು. ಓದಿದ್ದನ್ನೇ ಓದುತ್ತಾ ಹೋದರೆ ಸಾಲುಗಳು ಸಲೀಸಾಗಿ ಸಾಗುತ್ತವೆ. ಮುಂದಿನ ವಾಕ್ಯ ಏನು ಅಂತ ಕಣ್ಣಿಗೆ ಮೊದಲೇ ಗೊತ್ತು. ಆ ಸಲೀಸನ್ನೇ ಮನಸ್ಸು ‘ಗೊತ್ತಿದೆ’ ಅಂತ ಲೆಕ್ಕ ಹಾಕುತ್ತದೆ. ಗುರುತು ಸಿಗುವುದಕ್ಕೂ, ಬಿಳಿ ಹಾಳೆ ಮುಂದೆ ಕೂತಾಗ ನಾವೇ ತೆಗೆದು ಕೊಡುವುದಕ್ಕೂ ಎಷ್ಟು ಅಂತರ ಇದೆ ಅಂತ ಒಳಗಿನಿಂದ ಕಾಣುವುದೇ ಇಲ್ಲ. ಇಲ್ಲಿರುವುದು ಸೋಮಾರಿತನ ಅಲ್ಲ, ಭ್ರಮೆ. ಅದನ್ನು ಒಂದು ಅಧ್ಯಾಯ ಓದಿ ಕಳೆದುಕೊಳ್ಳುತ್ತೇವೆ ಅನ್ನುವುದು, ಬೋರ್ಡಿನ ವಿಷಯ ಗೊತ್ತಿದೆ, ಹಾಗಾಗಿ ನನಗೆ ಗೆರೆ ಸಮ ಕಾಣುತ್ತದೆ ಅಂದ ಹಾಗೆ. ಕಾಣುವುದಿಲ್ಲ. ಸ್ಕೇಲ್ ಇಟ್ಟೇ ನೋಡಬೇಕು.

ಸ್ಕೇಲ್ ಇಟ್ಟು ನೋಡಿದವರೂ ಇದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಬರೀ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಇಲ್ಲದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಇಟ್ಟರೆ ಓದಿದವರೇ ಮುಂದೆ, ಅವರಿಗೆ ಶೇಕಡಾ 83, ಬರೆದವರಿಗೆ 71. ವಾರ ಬಿಟ್ಟು ಇಟ್ಟರೆ ಓದಿದವರು ಶೇಕಡಾ 40ಕ್ಕೆ ಇಳಿದಿದ್ದಾರೆ, ಬರೆದವರು 61ರಲ್ಲಿ ಇದ್ದಾರೆ. ಬರೀ ಓದಿದವರು ಆ ಭಾಗವನ್ನು ಸರಾಸರಿ 14 ಸಲ ಓದಿದ್ದರು, ಬರೆದವರು ಮೂರು-ನಾಲ್ಕು ಸಲ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. ವಾರದ ಮೇಲೆ ನಿಮಗೆ ಎಷ್ಟು ನೆನಪಿರಬಹುದು ಅಂತ ಮೊದಲೇ ಕೇಳಿದಾಗ, ಧೈರ್ಯವಾಗಿ ಜಾಸ್ತಿ ಹೇಳಿದವರು ಬರೀ ಓದಿದವರು. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೆರಡಕ್ಕೆ ಪುಸ್ತಕ ಮುಚ್ಚಿ ‘ಎಲ್ಲಾ ಆಯ್ತು’ ಅಂತ ಮಲಗುವವರ ಸಮಾಧಾನ ಎಲ್ಲಿಂದ ಬರುತ್ತದೆ ಅಂತ ನನಗೆ ಆಗ ಅರ್ಥವಾಯಿತು.

(ಹಿಂದಿನ ರಾತ್ರಿ ಓದುವುದು ಕೆಲಸಕ್ಕೇ ಬರುವುದಿಲ್ಲ ಅಂತ ಅಲ್ಲ, ಆ ಐದು ನಿಮಿಷದ ಲೆಕ್ಕ ನೋಡಿದಿರಲ್ಲ. ಬೆಳಗ್ಗೆ ಪಾಸಾಗುವಷ್ಟು ಸಿಗುತ್ತದೆ. ಮುಂದಿನ ಸೆಮಿಸ್ಟರಿಗೆ ಏನೂ ಉಳಿಯುವುದಿಲ್ಲ ಅಷ್ಟೆ.)

ಅಡಿಕೆ ಸುಲಿಯುವಲ್ಲಿ

ನಮ್ಮಲ್ಲಿ ಚಳಿಗಾಲದ ಪರೀಕ್ಷೆಯೂ ಕೊನೆಕೊಯ್ಲೂ ಒಟ್ಟಿಗೇ ಬರುತ್ತವೆ. ಬೆಳಗ್ಗೆ ಕೊನೆಗೌಡ ಮರ ಹತ್ತಿದ ಅಂದ್ರೆ ರಾತ್ರಿ ಸುಲಿಯಲೇಬೇಕು. ಕೆಂಪಡಿಕೆ ಮಾಡುವವರಿಗೆ ಹಸಿ ಕಾಯಿ ಕಾಯುವುದಿಲ್ಲ, ಸುಲಿದು, ಬೇಯಿಸಿ, ಒಣಗಿಸಬೇಕು. ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಹಾಕಿಕೊಂಡು ಊರಿನ ಏಳೆಂಟು ಹೆಂಗಸರು, ಆಯಿ, ನಾನು, ಪಕ್ಕದ ಮನೆಯ ಭಟ್ಟರು. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅಡಿಕೆ ಸುಲಿಯುವುದು ಕಡಿಮೆ, ಮಾತು ಜಾಸ್ತಿ. ಈ ಹುಡುಗಿ ಒಳಗೆ ಓದಲು ಕೂತರೆ ಹೊರಗಿನ ಗಲಾಟೆಗೆ ಆಗುವುದಿಲ್ಲ ಅಂತ ಪುಸ್ತಕ ಹಿಡಿದೇ ಬಂದು ಕೂತಿದ್ದಳು. ಆಯಿ ಹೇಳಿದರು: “ಪುಸ್ತಕ ಅತ್ಲಾಗಿ ಇಡು ಕೂಸೆ, ಅಡಿಕೆ ಹೊಲಸು ಹತ್ತಿದ್ರೆ ಕಪ್ಪಾಗ್ತು. ಎಂತ ಓದ್ದೆ ಅಂತ ಬಾಯಲ್ಲಿ ಹೇಳು, ಎಂಗಳಿಗೂ ನಿದ್ದೆ ಬರದ್ದೆ ಹೋಗ್ಲಿ.”

ಅವಳು ಪಾವ್ಲೋವ್‌ನ ನಾಯಿಯಿಂದ ಶುರು ಮಾಡಿದಳು. ಗಂಟೆ, ಊಟ, ಜೊಲ್ಲು, ಕೊನೆಗೆ ಊಟ ಇಲ್ಲದೆಯೂ ಬರೀ ಗಂಟೆಗೇ ಜೊಲ್ಲು. ಅದರಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಕಲಗಚ್ಚಿನ ಬಕೆಟ್ ಸದ್ದಿಗೆ ಕೊಟ್ಟಿಗೆಯಲ್ಲಿ ಏನಾಗುತ್ತದೆ ಅಂತ ನೋಡಿದವರೇ ಎಲ್ಲ. ಆ ಮನುಷ್ಯನಿಗೆ 1904ರಲ್ಲಿ ನೊಬೆಲ್ ಬಂತು ಅಂತ ನಾನು ನಡುವೆ ಬಾಯಿ ಹಾಕಿದೆ, ಅದೂ ಈ ಗಂಟೆಗಲ್ಲ, ಜೀರ್ಣಕ್ರಿಯೆಯ ಕೆಲಸಕ್ಕೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಪುಟ್ಟ ಆಲ್ಬರ್ಟ್ ಬಂದ. ಅಮೆರಿಕದ ವಾಟ್ಸನ್ ಮತ್ತು ರೇನರ್ ಅವರ ಪ್ರಯೋಗ, 1920. ಹನ್ನೊಂದು ತಿಂಗಳ ಮಗು. ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಅದರ ಹಿಂದೆ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದು ಸದ್ದು ಮಾಡಿದರು. ಸ್ವಲ್ಪ ದಿನದಲ್ಲಿ ಸದ್ದಿಲ್ಲದೆಯೂ ಇಲಿ ಕಂಡರೆ ಮಗು ಅಳಲು ಶುರು ಮಾಡಿತು.

ಚಪ್ಪರದಡಿ ಕತ್ತಿಗಳು ನಿಂತವು. “ಅಯ್ಯೋ, ಅದ್ರ ಅಬ್ಬೆ ಎಲ್ಲಿ ಹೋಗಿತ್ತು ತಂಗಿ?” ಅಂತ ಒಬ್ಬಾಕೆ ಕೇಳಿದರು. ಈ ಪ್ರಶ್ನೆ ಗೈಡಿನಲ್ಲಿ ಇಲ್ಲ. ಅಬ್ಬೆ, ಮಗು ಇದ್ದ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದಳು. ಭಟ್ಟರು ಎಲೆಅಡಿಕೆ ಉಗುಳಿ ಬಂದು, ಸಭೆಯಲ್ಲಿ ಎದುರು ವೇಷಕ್ಕೆ ಪ್ರಶ್ನೆ ಹಾಕುವ ಧಾಟಿಯಲ್ಲೇ ಕೇಳಿದರು: ಇಲಿಗೆ ಹೆದರಿತು ಸರಿ, ಅಷ್ಟಕ್ಕೇ ನಿಂತಿತೋ? ಇವಳು ಸ್ವಲ್ಪ ತಡವರಿಸಿ, ಮೊಲಕ್ಕೂ ಹೆದರಿತು, ನಾಯಿಗೂ ಹೆದರಿತು, ಬಿಳಿ ಗಡ್ಡದ ಮುಖವಾಡಕ್ಕೂ ಹೆದರಿತು ಅಂತ ಒಂದೊಂದೇ ಹೊರಗೆ ತೆಗೆದಳು. ಯಾಕೆ? ಎಲ್ಲದರಲ್ಲೂ ಒಂದೇ ಥರದ ರೋಮ. ಅದು ‘ಸಾಮಾನ್ಯೀಕರಣ’. ಹೋದ ವಾರವಿಡೀ ಆ ಶಬ್ದವನ್ನು ಅದರ ವ್ಯಾಖ್ಯೆ ಸಮೇತ ಗುನುಗುತ್ತಿದ್ದಳು, ಅವತ್ತು ಮೊದಲ ಸಲ ಅದಕ್ಕೊಂದು ಕೆಲಸ ಸಿಕ್ಕಿತು. ಕೊನೆಗೆ ಆಯಿಯ ಪ್ರಶ್ನೆ: “ಆ ಶಿಶುವಿನ ಹೆದ್ರಿಕೆ ಕಡಿಗೆ ಹೋತಾ ಇಲ್ಯಾ?”

ಇವಳಿಗೆ ಬರಲಿಲ್ಲ. ಅಡಿಕೆ ಕೈ ತೊಳೆದು ಒಳಗೆ ಹೋಗಿ ಪುಸ್ತಕ ತೆಗೆದಳು. ಇಲ್ಲ, ಹೋಗಲಿಲ್ಲ. ಹೆದರಿಕೆ ಬಿಡಿಸುವ ಮೊದಲೇ ಮಗುವನ್ನು ಅಲ್ಲಿಂದ ಕರೆದುಕೊಂಡು ಹೋಗಿದ್ದರು. ಚಪ್ಪರದಡಿ ವಾಟ್ಸನ್‌ಗೆ ಬಿದ್ದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಪುಟ ತಿರುಗಿಸಿದ ಮೇಲೆ ಮೇರಿ ಕವರ್ ಜೋನ್ಸ್ ಸಿಕ್ಕಿದಳು. 1924ರಲ್ಲಿ ಪೀಟರ್ ಅನ್ನುವ ಮೂರು ವರ್ಷದೊಳಗಿನ ಮಗುವಿಗೆ ಮೊಲದ ಹೆದರಿಕೆ ಬಿಡಿಸಿದವಳು. ಅವನಿಗೆ ಇಷ್ಟದ ತಿಂಡಿ ಕೊಡುತ್ತಾ ಮೊಲವನ್ನು ದೂರದಲ್ಲಿ ಇಟ್ಟು, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದಳು. ಕೊನೆಗೆ ಹುಡುಗ ಅದನ್ನು ಮುಟ್ಟಿ ಆಡಿದ. ಇವಳು ಓಡಿ ಬಂದು ಇದನ್ನು ಹೇಳಿದಾಗ ಆಯಿಗೆ ಸಮಾಧಾನ ಆಯಿತು. ಅಡಿಕೆ ಮುಗಿಯಿತು. ಆ ಪುಟ ಅವಳ ಪುಸ್ತಕದಲ್ಲಿ ಮೊದಲಿನಿಂದಲೂ ಇತ್ತು, ಹಳದಿಯಾಗಿಯೇ ಇತ್ತು.

ಇದರಲ್ಲಿ ಹಳ್ಳಿಯ ಜ್ಞಾನ ದೊಡ್ಡದು ಅಂತ ಹೇಳಲು ನಾನು ಹೊರಟಿಲ್ಲ. ಅಂಥ ಬರಹ ಓದಿ ನನಗೂ ಸಾಕಾಗಿದೆ. ಆ ಹೆಂಗಸರಿಗೆ ಬೇಕಾಗಿದ್ದದ್ದು ಕಥೆ, ಪಾಠ ಅಲ್ಲ. ಆದರೆ ಕಥೆ ಕೇಳುವವರು ‘ಮುಂದೆ?’ ಅಂತ ಕೇಳುತ್ತಾರೆ, ‘ಯಾಕೆ?’ ಅಂತ ಕೇಳುತ್ತಾರೆ. ಪುಸ್ತಕ ಕೇಳುವುದಿಲ್ಲ, ಹೈಲೈಟರ್ ಕೇಳುವುದಿಲ್ಲ. ಯಾರೋ ಕೇಳಿದಾಗ ಮಾತ್ರ ನಮ್ಮಲ್ಲಿ ಏನಿದೆ, ಏನಿಲ್ಲ ಅಂತ ಬಯಲಾಗುತ್ತದೆ. ಭಟ್ಟರನ್ನು ಆಮೇಲೆ ಕೇಳಿದೆ, ನೀವು ಪ್ರಸಂಗಕ್ಕೆ ಹೇಗೆ ತಯಾರಾಗ್ತೀರಿ ಅಂತ. ಪದ್ಯ ಒಂದೆರಡು ಸಲ ನೋಡ್ತೇನೆ, ಆಮೇಲೆ ತೋಟಕ್ಕೆ ಹೋಗುವಾಗ ಬರುವಾಗ ಎದುರಿನವರು ಏನು ಕೇಳಬಹುದು ಅಂತ ನಾನೇ ಕೇಳಿಕೊಂಡು ಹೇಳ್ತಾ ಹೋಗ್ತೇನೆ ಅಂದರು. ದಾರಿಯಲ್ಲಿ ಕಂಡವರು ಹುಚ್ಚು ಅಂದುಕೊಂಡರೆ ಅಂದುಕೊಳ್ಳಲಿ ಅಂತಲೂ ಅಂದರು.

ಪ್ರಶ್ನೆಪತ್ರಿಕೆಯ ಕಡೆಯಿಂದ

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ‘ಎಬ್ಬಿಂಗ್‌ಹಾಸ್‌ನ ಮರೆವಿನ ರೇಖೆಯನ್ನು ವಿವರಿಸಿ’, ‘ಟಿಪ್ಪಣಿ ಬರೆಯಿರಿ: ಪುಟ್ಟ ಆಲ್ಬರ್ಟ್’. ಪ್ರಶ್ನೆ ಕೇಳುವ ರೀತಿ ಇದು. ಹತ್ತು ಅಂಕಕ್ಕೆ ಪೀಠಿಕೆ, ವ್ಯಾಖ್ಯೆ, ಚಿತ್ರ, ಉಪಸಂಹಾರ. ನಾಯಿ ಕಂಡರೆ ಹೆದರುವ ಮಗುವೊಂದು ನಿಮ್ಮ ಕೇರಿಯಲ್ಲಿದೆ, ನೀವೇನು ಮಾಡ್ತೀರಿ ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಓದುವ ರೀತಿ ತಾನಾಗಿಯೇ ಬದಲಾಗುತ್ತಿತ್ತು ಅಂತ ನನ್ನ ಅನಿಸಿಕೆ. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಹಿಡಿದು ಓದುವ ಮಕ್ಕಳನ್ನು ಬೈಯುವವರು ಜಾಸ್ತಿ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆ ಪತ್ರಿಕೆಗಳನ್ನು ಇಂಪಾರ್ಟೆಂಟ್ ಆರಿಸಲು ಬಳಸುವ ಬದಲು, ಪುಸ್ತಕ ಮುಚ್ಚಿ ಉತ್ತರ ಬರೆಯಲು ಬಳಸಿದರೆ ಅದಕ್ಕಿಂತ ಒಳ್ಳೆಯ ಸ್ಕೇಲ್ ಇಲ್ಲ. ಡನ್ಲೋಸ್ಕಿ ಮತ್ತು ಜೊತೆಗಾರರು 2013ರಲ್ಲಿ ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗ ಮೇಲೆ ನಿಂತದ್ದು ಎರಡೇ. ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು, ದಿನಗಳಿಗೆ ಹಂಚಿ ಓದುವುದು. ಅಡಿಗೆರೆಯೂ ಮರುಓದೂ ಕೆಳಗಿನ ಸಾಲಿನಲ್ಲಿ.

ಎಲ್ಲಿ ಕೂತು ಓದಬೇಕು ಅನ್ನುವ ಚರ್ಚೆಯೂ ಮನೆಯಲ್ಲಿ ಆಯಿತು. ಪರೀಕ್ಷೆ ಬರೆಯುವ ಕೋಣೆಯಲ್ಲೇ ಓದಿದರೆ ನೆನಪು ಬೇಗ ಬರುತ್ತದಂತೆ ಅಂತ ಇವಳ ಗೆಳತಿ ಹೇಳಿದ್ದಳು. ಅದು ಗಾಡನ್ ಮತ್ತು ಬ್ಯಾಡ್ಲಿಯವರ 1975ರ ಮುಳುಗುಗಾರರ ಪ್ರಯೋಗದ ನೆರಳು. ಸ್ಕಾಟ್ಲೆಂಡಿನಲ್ಲಿ ಮುಳುಗುಗಾರರಿಗೆ 36 ಶಬ್ದಗಳ ಪಟ್ಟಿ ಕೊಟ್ಟು, ನೀರೊಳಗೆ ಕಲಿತದ್ದು ನೀರೊಳಗೇ ಚೆನ್ನಾಗಿ ನೆನಪಾಗುತ್ತದೆ, ದಡದಲ್ಲಿ ಕಲಿತದ್ದು ದಡದಲ್ಲಿ ಅಂತ ತೋರಿಸಿದ್ದರು. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿಸುವ ಹುಡುಗರಿಗೆ ಇದನ್ನು ಹೇಳಿದರೆ ಖುಷಿ ಪಡ್ತಾರೆ. ಎಲ್ಲ ಗೈಡಿನಲ್ಲೂ ಇರುವ ಪ್ರಯೋಗ. 2021ರಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲಿತಾಂಶ ಬರಲಿಲ್ಲ ಅನ್ನುವುದು ಮಾತ್ರ ಗೈಡಿಗೆ ಇನ್ನೂ ತಲುಪಿಲ್ಲ. ಹಾಗಾಗಿ ಕೋಣೆಯ ಚಿಂತೆ ಬಿಡು, ಎಲ್ಲಾದರೂ ಕೂತು ಓದು ಅಂದೆ. ಅವಳಿಗೆ ನಿರಾಸೆ ಆಯಿತು, ಕಾಲೇಜಿನ ಲೈಬ್ರರಿಗೆ ಹೋಗುವ ನೆಪ ತಪ್ಪಿತು.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಬಿಡಲಿಲ್ಲ. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲೇ ತೋರಿಸಿದ್ದಾರೆ, ಕಲಿತ ಮೇಲೆ ಮಲಗಿದವರು ಎಚ್ಚರ ಇದ್ದವರಿಗಿಂತ ಕಡಿಮೆ ಮರೆಯುತ್ತಾರೆ ಅಂತ. ಅವರ ಪ್ರಯೋಗದಲ್ಲಿ ಇದ್ದದ್ದು ಇಬ್ಬರೇ ವಿದ್ಯಾರ್ಥಿಗಳು, ಆದರೆ ಆಮೇಲೆ ಬಂದ ಎಷ್ಟೋ ಕೆಲಸ ಅದೇ ದಿಕ್ಕಿಗೆ ಹೋಗಿದೆ. ಅಡಿಕೆ ಸುಲಿದ ರಾತ್ರಿ ಅವಳು ನಾನು ಹೇಳುವ ಮೊದಲೇ ಮಲಗಿಬಿಟ್ಟಿದ್ದಳು ಅನ್ನಿ.

ಪರೀಕ್ಷೆ ಮುಗಿಸಿ ಬಂದವಳು, ಆಲ್ಬರ್ಟ್ ಬಂದಿತ್ತು, ಮೇರಿ ಕವರ್ ಜೋನ್ಸ್ ಹೆಸರು ಮರೆತು ಹೋಗಿ ‘ಒಬ್ಬ ಮಹಿಳಾ ಮನಶ್ಶಾಸ್ತ್ರಜ್ಞೆ’ ಅಂತ ಬರೆದೆ, ಪೀಟರನ ಕಥೆ ಮಾತ್ರ ಎರಡು ಪುಟ ಆಯಿತು ಅಂದಳು. ಎಷ್ಟು ಅಂಕ ಬರುತ್ತದೋ ನೋಡಬೇಕು. ಮುಂದಿನ ಸೆಮಿಸ್ಟರಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಇದೆ, ಪರೀಕ್ಷೆ ಮಳೆಗಾಲಕ್ಕೆ, ಆಗ ಚಪ್ಪರವೂ ಇಲ್ಲ, ಸುಲಿಯುವವರೂ ಇಲ್ಲ. ಲೆಕ್ಕವನ್ನು ಬಾಯಲ್ಲಿ ಹೇಳಿ ಕಲಿಯಲು ಆಗುವುದಿಲ್ಲ, ಕೂತು ಮಾಡಬೇಕು. ಆದರೂ ಮೊನ್ನೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂದರೆ ಏನು ಅಂತ ಆಯಿಗೆ ಹೇಳಲು ನೋಡುತ್ತಿದ್ದಳು. ಸರಾಸರಿ ಅಂದಳು, ಸರಾಸರಿಯಿಂದ ಎಷ್ಟು ದೂರ ಹೋಗುತ್ತದೆ ಅಂದಳು, ಕೊನೆಗೆ ವರ್ಗಮೂಲ ತೆಗೆಯಬೇಕು ಅಂದಳು, ಶಿರಸಿ ಮಾರ್ಕೆಟ್ಟಿನ ಅಡಿಕೆ ದರದ ಉದಾಹರಣೆ ಕೊಟ್ಟಳು. ಆಯಿ ಹತ್ತಿ ಹೊಸೆಯುತ್ತಾ ಪೂರ್ತಿ ಕೇಳಿ, “ದರ ಎಷ್ಟು ಹಾರ್ತು ಹೇಳೂದಲ್ದಾ? ಅದಕ್ಕೆ ವರ್ಗಮೂಲ ಎಂತಕ್ಕೆ?” ಅಂದರು. ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ನಾನು ತೋಟಕ್ಕೆ ನೀರು ಬಿಡಬೇಕು ಅಂತ ಎದ್ದೆ.